ಕುತ್ತಿಗೆಗೆ ಕೈ ಹಾಕುವ ಮೊದಲು

ಹೆಡತಲೆಯಲ್ಲಿ ಶುರುವಾಗಿ, ಬಲಗಿವಿಯ ಹಿಂದಿನಿಂದ ಮೇಲೇರಿ, ಹುಬ್ಬಿನ ಮೇಲೆ ಬಂದು ನಿಲ್ಲುವ ತಲೆನೋವನ್ನು ನಾನು ಸುಮಾರು ಮೂರು ವರ್ಷ ಅನುಭವಿಸಿದ್ದೇನೆ. ಆಗ ನಾವು ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದೆವು. ಅಲ್ಲಿ ಕತ್ತು ಹಿಡಿದುಕೊಂಡರೆ ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆ, ಕುತ್ತಿಗೆಗಳ ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ಮಾಡುವವರ ಬಳಿಗೆ ಹೋಗುವುದು ತೀರಾ ಸಾಮಾನ್ಯವಾದ ಸಂಗತಿ, ನಾನೂ ಹೋದೆ. ಈಗ ಬೆಂಗಳೂರಿನಲ್ಲಿಯೂ ಈ ಚಿಕಿತ್ಸೆಯ ಫಲಕಗಳು ಕಾಣಿಸುತ್ತಿವೆ, ಕತ್ತನ್ನು ತಿರುವಿ ‘ಲಟಕ್’ ಎನ್ನಿಸುವ ವಿಡಿಯೊಗಳು ಎಲ್ಲರ ಫೋನಿನಲ್ಲಿವೆ. ಹೋಗಬಹುದೇ ಎಂದು ಬಂಧುಗಳು ನನ್ನನ್ನು ಕೇಳುತ್ತಿರುವುದರಿಂದ ನನ್ನ ಅಭಿಪ್ರಾಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮೊದಲು ಹೋದ ಚಿಕಿತ್ಸಾಲಯದಲ್ಲಿ ನೋವು ಯಾವಾಗಿನಿಂದ ಇದೆ ಎಂಬ ಒಂದು ಪ್ರಶ್ನೆಯನ್ನು ಬಿಟ್ಟರೆ ಬೇರೇನನ್ನೂ ಕೇಳಲಿಲ್ಲ. ರಕ್ತದೊತ್ತಡವನ್ನು ನೋಡಲಿಲ್ಲ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಲಿಲ್ಲ. ಎಕ್ಸ್‌ರೇ ತೆಗೆದು, ಮೂಳೆ ಜರುಗಿದೆ ಎಂದು ತೋರಿಸಿ, ತಿಂಗಳುಗಟ್ಟಲೆಯ ಭೇಟಿಗಳಿಗೆ ಮುಂಗಡ ಹಣದ ಲೆಕ್ಕ ಹೇಳಿ, ಹತ್ತೇ ನಿಮಿಷದಲ್ಲಿ ನನ್ನ ಕತ್ತನ್ನು ಎರಡೂ ಕಡೆಗೆ ರಭಸದಿಂದ ತಿರುವಿದರು. ಆ ದಿನ ನೋವು ಕಡಿಮೆಯಾಯಿತು ಎಂಬುದು ನಿಜ. ನಾಲ್ಕನೆಯ ದಿನ ಅದು ಮರಳಿ ಬಂದಿತು ಎಂಬುದೂ ಅಷ್ಟೇ ನಿಜ.

ಈ ಪದ್ಧತಿ ಹುಟ್ಟಿದ್ದು ಪಕ್ಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ. 1895ರಲ್ಲಿ ಡಿ. ಡಿ. ಪಾಮರ್ ಎಂಬುವರು ಹಾರ್ವೆ ಲಿಲಾರ್ಡ್ ಎಂಬ ಕಟ್ಟಡ ನೌಕರರ ಬೆನ್ನುಮೂಳೆಯನ್ನು ಒತ್ತಿ ಅವರ ಕಿವುಡುತನವನ್ನು ವಾಸಿ ಮಾಡಿದೆನೆಂದು ಹೇಳಿಕೊಂಡರು. ಕಿವಿಯಿಂದ ಮಿದುಳಿಗೆ ಹೋಗುವ ನರ ಬೆನ್ನುಮೂಳೆಯ ಮೂಲಕ ಹಾದುಹೋಗುವುದೇ ಇಲ್ಲ. ಮೂಳೆ ಜರುಗುವುದೇ ಬಹುತೇಕ ಎಲ್ಲ ರೋಗಗಳ ಮೂಲ ಎಂಬ ಅವರ ಸಿದ್ಧಾಂತವನ್ನು ನಾನು ಒಪ್ಪುವುದಿಲ್ಲ. ಇಂದು ಅನೇಕ ಕೈರೋಪ್ರಾಕ್ಟರ್‌ಗಳೂ ಅದನ್ನು ಕೈಬಿಟ್ಟು ಬೆನ್ನು, ಕುತ್ತಿಗೆಗಳ ನೋವಿಗಷ್ಟೇ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡಿದ್ದಾರೆ. ‘ಲಟಕ್’ ಎಂಬ ಸದ್ದು ಕೂಡ ಮೂಳೆ ತನ್ನ ಜಾಗಕ್ಕೆ ಮರಳಿದ ಸದ್ದಲ್ಲ. ಬೆರಳಿನ ನೆಟಿಗೆ ಮುರಿದಾಗ ಆಗುವಂತೆ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದಕ್ಕೆ ಸಂಬಂಧಿಸಿದ ಸದ್ದು ಅದು.

ಹಾಗೆಂದು ಕೈಯಿಂದ ಮಾಡುವ ಚಿಕಿತ್ಸೆಯಿಂದ ಪ್ರಯೋಜನವೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ಕುತ್ತಿಗೆಯ ಮೇಲ್ಭಾಗದ ಮೂರು ನರಗಳೂ ಹಣೆ ಮತ್ತು ಮುಖದ ಸಂವೇದನೆಯನ್ನು ಒಯ್ಯುವ ನರವೂ ಒಳಗೆ ಒಂದೇ ಕೇಂದ್ರದಲ್ಲಿ ಸಂಧಿಸುವುದರಿಂದ, ಕುತ್ತಿಗೆಯ ಕೀಲಿನ ತೊಂದರೆ ಹುಬ್ಬಿನ ಮೇಲಿನ ನೋವಾಗಿ ಕಾಣಿಸಿಕೊಳ್ಳಬಲ್ಲದು. ಅಂತಹ ತಲೆನೋವಿಗೆ ಕುತ್ತಿಗೆಗೇ ಚಿಕಿತ್ಸೆ ಮಾಡುವುದು ಅರ್ಥಪೂರ್ಣ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕುತ್ತಿಗೆ ನೋವಿದ್ದ 272 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬೆನ್ನುಮೂಳೆಯ ಕೈಚಿಕಿತ್ಸೆ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಮನೆಯಲ್ಲಿಯೇ ಮಾಡುವ ವ್ಯಾಯಾಮ ಕೊಟ್ಟರು. 12 ವಾರಗಳ ನಂತರ ಕೈಚಿಕಿತ್ಸೆ ಔಷಧಕ್ಕಿಂತ ಮೇಲಾಗಿತ್ತು. ಆದರೆ ಎರಡು ಸಲ ಕಲಿಸಿಕೊಟ್ಟು ಕಳಿಸಿದ ವ್ಯಾಯಾಮವೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತ್ತು. ನನ್ನ ಮಟ್ಟಿಗೆ ಈ ಎರಡನೆಯ ಸಂಗತಿಯೇ ಮುಖ್ಯ.

ಏಕೆಂದರೆ ಕುತ್ತಿಗೆಯಲ್ಲಿ ಕೇವಲ ಏಳು ಮೂಳೆಗಳಿಲ್ಲ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಆ ಮೂಳೆಗಳ ಪಕ್ಕದ ರಂಧ್ರಗಳಲ್ಲಿಯೇ ಏರಿ, ಮೇಲಿನ ಎರಡು ಮೂಳೆಗಳ ಬಳಿ ಬಾಗಿ ಸಾಗುತ್ತವೆ. ಅವುಗಳ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ಕತ್ತು ತಿರುವಿದ್ದೇ ಕಾರಣವೆಂದು ಖಚಿತವಾಗಿ ಸಾಬೀತಾಗಿಲ್ಲವಾದರೂ, ಇವೆರಡರ ನಡುವೆ ಸಂಬಂಧ ಕಂಡುಬಂದಿರುವುದರಿಂದ ರೋಗಿಗೆ ಮೊದಲೇ ತಿಳಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿತು. ಇದಕ್ಕೆ ಪ್ರತಿಯಾಗಿ ಈ ವೃತ್ತಿಯವರು ಕೆನಡಾದ ಒಂಟಾರಿಯೊ ಪ್ರಾಂತ್ಯದ 2008ರ ಅಧ್ಯಯನವನ್ನು ಮುಂದಿಡುತ್ತಾರೆ. ಅಲ್ಲಿ ಇಂತಹ ಪಾರ್ಶ್ವವಾಯುವಿಗೆ ಮುನ್ನ ಸಾಮಾನ್ಯ ವೈದ್ಯರ ಬಳಿಗೆ ಹೋದವರಲ್ಲಿಯೂ ಅದೇ ಬಗೆಯ ಸಂಬಂಧ ಕಂಡಿತ್ತು. ಅಂದರೆ ರಕ್ತನಾಳ ಆಗಲೇ ಹರಿದಿದ್ದು, ಅದರ ನೋವಿಗಾಗಿಯೇ ಜನ ಚಿಕಿತ್ಸೆ ಹುಡುಕಿಕೊಂಡು ಬಂದಿರಬಹುದು ಎಂಬುದು ಅವರ ವಾದ. ಆ ವಾದವನ್ನು ನಾನು ಪೂರ್ತಿಯಾಗಿ ಒಪ್ಪಿಕೊಂಡರೂ ನನ್ನ ಆತಂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ: ಬಾಗಿಲಿಗೆ ಬಂದ ಕುತ್ತಿಗೆ ನೋವೇ ಹರಿದ ರಕ್ತನಾಳದ ಸೂಚನೆಯಾಗಿರಬಹುದಾದರೆ, ಪರೀಕ್ಷಿಸದೆ ಆ ಕತ್ತನ್ನು ತಿರುವುವುದು ಹೇಗೆ ಸರಿ?

ನನಗೆ ನೆರವಾದವರೂ ಒಬ್ಬ ಕೈರೋಪ್ರಾಕ್ಟರೇ ಎಂಬುದನ್ನು ಹೇಳಲೇಬೇಕು. ಎರಡನೆಯವರಾದ ಅವರು ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ನಡೆಯುವಾಗ ತೂರಾಡುವುದು ಇವುಗಳಲ್ಲಿ ಯಾವುದಾದರೂ ಇದೆಯೇ, ಹಿಂದೆಂದೂ ಇಲ್ಲದಂತಹ ನೋವು ಹಠಾತ್ತನೆ ಬಂದಿತೇ ಎಂದು ವಿಚಾರಿಸಿದರು. ಇದ್ದಿದ್ದರೆ ನೇರವಾಗಿ ಆಸ್ಪತ್ರೆಗೆ ಕಳಿಸುತ್ತಿದ್ದೆ ಎಂದರು. ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ, ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಲ್ಲದು ಎಂಬುದು ನನಗೆ ತಿಳಿದದ್ದು ಅವರಿಂದಲೇ. ಕತ್ತನ್ನು ಅವರು ಒಮ್ಮೆಯೂ ರಭಸದಿಂದ ತಿರುವಲಿಲ್ಲ. ಮೃದುವಾಗಿ ಕೀಲುಗಳನ್ನು ಸಡಿಲಿಸಿ, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳುವ, ಹೆಗಲೆಲುಬುಗಳನ್ನು ಒಂದಕ್ಕೊಂದು ಹತ್ತಿರ ತರುವ ವ್ಯಾಯಾಮಗಳನ್ನು ಕಲಿಸಿ, ಆರನೆಯ ಭೇಟಿಗೆ ಇನ್ನು ಬರಬೇಕಾಗಿಲ್ಲ ಎಂದರು. ಆ ವ್ಯಾಯಾಮವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಅಮೆರಿಕದ ಪ್ರತಿಯೊಂದು ರಾಜ್ಯದಲ್ಲಿಯೂ ಈ ವೃತ್ತಿಗೆ ಪರವಾನಗಿ ಬೇಕು. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ನೋಂದಣಿ ಮಂಡಳಿ ಇಲ್ಲವಾದ್ದರಿಂದ, ಫಲಕ ಹಾಕಿದವರ ತರಬೇತಿಯನ್ನು ವಿಚಾರಿಸುವ ಹೊಣೆ ರೋಗಿಯ ಮೇಲೆಯೇ ಬೀಳುತ್ತದೆ. ಕ್ಷೌರದಂಗಡಿಯಲ್ಲಿ ಚಂಪಿ ಮುಗಿದ ಮೇಲೆ ಕತ್ತನ್ನು ಲಟಕ್ಕನೆ ತಿರುಗಿಸುವ ಅಭ್ಯಾಸಕ್ಕೂ ನನ್ನ ವಿರೋಧವಿದೆ.

ನಮ್ಮ ಅಕ್ಕನಿಗೆ 61 ವರ್ಷ, ಮೂಳೆ ಸವೆತವಿದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾಳೆ. ಇವೆರಡೂ ಕತ್ತನ್ನು ರಭಸದಿಂದ ತಿರುವಬಾರದು ಎನ್ನುವುದಕ್ಕೆ ಸಾಕಾದ ಕಾರಣಗಳು. ಅವಳು ವಿಡಿಯೊ ನೋಡಿ ಮುಂದಿನ ಸೋಮವಾರಕ್ಕೆ ಸಮಯ ಗೊತ್ತು ಮಾಡಿಕೊಂಡಿದ್ದಳು. ಅದನ್ನು ರದ್ದು ಮಾಡಿಸಿ, ಮೊದಲು ಅವಳ ವೈದ್ಯರ ಬಳಿಗೆ, ಅವರು ಹೇಳಿದರೆ ಫಿಸಿಯೊಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.