ರುಚಿಗೆ ತಕ್ಕಷ್ಟು ಮಾಡರೇಟ್

ಚೀನಾದ ಚೆಂಗ್ಡುಗೆ ನಾನು ಹೋಗಿದ್ದು ಗಂಡನ ಹಿಂದೆ. ಅವರ ಕಂಪನಿ ಎರಡು ವರ್ಷಕ್ಕೆ ಅಂತ ಅಲ್ಲಿಗೆ ಕಳಿಸಿತ್ತು. ಬೆಳಿಗ್ಗೆ ಅವರು ಆಫೀಸಿಗೆ ಹೊರಟರೆ ಹದಿನೆಂಟನೇ ಮಹಡಿಯಲ್ಲಿ ನಾನು ಮತ್ತು ಶಿರಸಿಯಿಂದ ಹೊತ್ತು ತಂದ ಅಪ್ಪೆಮಿಡಿ ಭರಣಿ, ಇಬ್ಬರೇ. ಹೀಗಿರುವಾಗ ಒಂದು ದಿನ ಲಿಫ್ಟಿನಲ್ಲಿ ಕೆಳಗಿನ ಮನೆಯ ಹೆಂಗಸು ಫೋನಿನ ಅನುವಾದದ ಆಪ್ ಹಿಡಿದು ‘ನಿನಗೆ ಇಂಗ್ಲಿಷ್ ಬರುತ್ತಾ?’ ಅಂತ ಕೇಳಿದರು. ಬರುತ್ತೆ ಅಂದುಬಿಟ್ಟೆ. ಮುಂದೆ ಆದದ್ದಕ್ಕೆಲ್ಲ ಆ ಒಂದು ಮಾತೇ ಕಾರಣ.

ಆ ಹೆಂಗಸನ್ನು ಎಲ್ಲರೂ ‘ಆಯೀ’ ಅನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ಚಿಕ್ಕಮ್ಮ, ಆಂಟಿ ಅಂತ ಅರ್ಥ. ನಮ್ಮ ಮನೆಯಲ್ಲಿ ಆಯಿ ಅಂದರೆ ಅಮ್ಮ. ಹೋದ ಹೊಸದರಲ್ಲಿ ಯಾರೋ ಮೆಟ್ಟಿಲ ಹತ್ತಿರ ‘ಆಯೀ’ ಅಂತ ಕೂಗಿದ್ದು ಕೇಳಿ ಊರಿನ ಹಿತ್ತಿಲು ನೆನಪಾಗಿ ಕಣ್ಣು ತುಂಬಿ ಬಂದಿತ್ತು. ಕೂಗಿದವನು ಕೊರಿಯರ್ ಹುಡುಗ.

ಅಂತೂ ಶನಿವಾರ ಮಧ್ಯಾಹ್ನದ ಪಾಠ ಶುರುವಾಯಿತು. ಸಂಬಳ ಇಲ್ಲ, ಚಹಾ ಉಂಟು. ಜಾಗ ಹತ್ತಿರದ ಪಾರ್ಕಿನ ಚಹಾದಂಗಡಿ. ಚೆಂಗ್ಡುವಿನಲ್ಲಿ ಚಹಾದಂಗಡಿ ಅಂದರೆ ಹೀಗೆ ಬಂದು ಹಾಗೆ ಹೋಗುವ ಜಾಗವೇ ಅಲ್ಲ. ಬಿದಿರಿನ ಕುರ್ಚಿಯಲ್ಲಿ ಒರಗಿ, ಮುಚ್ಚಳವಿರುವ ಬಟ್ಟಲಿಗೆ ಮತ್ತೆ ಮತ್ತೆ ಬಿಸಿನೀರು ಹಾಕಿಸಿಕೊಂಡು ಅರ್ಧ ದಿನ ಕೂರುತ್ತಾರೆ. ಸುತ್ತಲೂ ಮಾಜಾಂಗ್ ಆಡುವವರ ಕಟಕಟ ಸದ್ದು. ನಡುವೆ ಕಿವಿ ಸ್ವಚ್ಛ ಮಾಡುವವನು ಲೋಹದ ಚಿಮಟ ಟಿಂಗ್ ಅನ್ನಿಸುತ್ತಾ ಗಿರಾಕಿ ಹುಡುಕುತ್ತಾನೆ. ಇಷ್ಟರ ಮಧ್ಯೆ ನನ್ನ ವ್ಯಾಕರಣ.

ವಿದ್ಯಾರ್ಥಿಗಳು ನಾಲ್ವರು. ಆಯೀ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ನಿವೃತ್ತ ಬಸ್ ಡ್ರೈವರ್ ಒಬ್ಬರು. ಅವರು ಯಾಕೆ ಬರುತ್ತಿದ್ದರೋ ನನಗೆ ಕೊನೆಗೂ ಗೊತ್ತಾಗಲಿಲ್ಲ. ಒಂದು ಸಲ ಪಾಠದ ನಡುವೆಯೇ ಕಿವಿ ಸ್ವಚ್ಛ ಮಾಡಿಸಿಕೊಂಡರು. ನನ್ನ ಉಚ್ಚಾರ ಸರಿಯಾಗಿ ಕೇಳಲಿ ಅಂತ ಇರಬಹುದು. ನಾಲ್ಕನೆಯವನು ಆಯೀಯ ತಮ್ಮನ ಮಗ, ಕಾಲೇಜು ಹುಡುಗ. ಅಲ್ಲಿ ಕಾಲೇಜಿನವರು ಬರೆಯುವ ಇಂಗ್ಲಿಷ್ ಪರೀಕ್ಷೆಯ ನಾಲ್ಕನೇ ಹಂತ ದಾಟಬೇಕಿತ್ತು ಅವನಿಗೆ. ಒಟ್ಟು 710 ಅಂಕ. 425 ಬಂದರೆ ದಾಟಿದ ಹಾಗೆ.

ಅವನ ಹತ್ತಿರ ಶಬ್ದಗಳ ದಪ್ಪ ಪುಸ್ತಕವೊಂದಿತ್ತು. ಅಕ್ಷರಮಾಲೆಯ ಕ್ರಮದ ಈ ಪುಸ್ತಕಗಳ ಮೊದಲ ಪುಟದಲ್ಲೇ ‘ಅಬ್ಯಾಂಡನ್’ ಸಿಗುತ್ತದೆ. ಕೈಬಿಡು ಅಂತ ಅರ್ಥ. ಚೀನಾದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಹಳೇ ಜೋಕು ಇದು. ಎಲ್ಲರೂ ಉತ್ಸಾಹದಿಂದ ಆ ಶಬ್ದ ಕಲಿಯುತ್ತಾರೆ, ಅರ್ಥ ತಿಳಿದ ಕೂಡಲೇ ಪುಸ್ತಕ ಕೈಬಿಡುತ್ತಾರೆ. ನಮ್ಮ ಹುಡುಗನೂ ಪ್ರತಿ ತಿಂಗಳು ಮೊದಲಿನಿಂದ ಶುರು ಮಾಡುವವನು. ಹಾಗಾಗಿ ‘ಎ’ ಅಕ್ಷರದಲ್ಲಿ ಅವನು ಪಂಡಿತ. ಅಂಥವನು ಒಂದು ಶನಿವಾರ ‘ಎಂ’ ತನಕ ಬಂದುಬಿಟ್ಟ. ಬೆರಳಿಟ್ಟು ತೋರಿಸಿದ ಶಬ್ದ, ಮಾಡರೇಟ್.

‘ಓ, ಮಾಡರೇಟ್! ಸುಲಭ,’ ಅಂದೆ. ಅವನ ಫೋನು ಕೂಡಲೇ ‘ಮಾಡ್ರಟ್’ ಅಂದಿತು. ಮತ್ತೆ ಒತ್ತಿದ. ಮತ್ತೆ ಮಾಡ್ರಟ್. ಗುಣ ಹೇಳುವಾಗ ಮಾಡ್ರಟ್, ಕೆಲಸ ಹೇಳುವಾಗ ಮಾಡರೇಟ್ ಅಂತೆ. ನಲವತ್ತು ವರ್ಷ ನಾನು ಎರಡಕ್ಕೂ ಒಂದೇ ರೇಟು ಹಾಕಿಕೊಂಡು ಬದುಕಿದ್ದೆ. ‘ಇಂಡಿಯಾದಲ್ಲಿ ಹೀಗೂ ಹೇಳುತ್ತಾರೆ,’ ಅಂದೆ. ಸುಳ್ಳೇನಲ್ಲವಲ್ಲ.

ಅರ್ಥ ಹೇಳಬೇಕಲ್ಲ. ‘ನಾಟ್ ಟೂ ಮಚ್, ನಾಟ್ ಟೂ ಲಿಟಲ್,’ ಅಂದೆ. ಎಲ್ಲರೂ ಬರೆದುಕೊಂಡರು. ಆ ವಾಕ್ಯ ಮುಂದೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆ ಅಂತ ಗೊತ್ತಿದ್ದರೆ ಇನ್ನೂ ಸ್ವಲ್ಪ ಯೋಚಿಸಿ ಹೇಳುತ್ತಿದ್ದೆ.

ಆಯೀ ತಲೆಯಾಡಿಸಿ ‘ಗುವೋ ಯೋ ಬು ಜೀ’ ಅಂದರು. ಕನ್‌ಫ್ಯೂಶಿಯಸ್ ಹೇಳಿದ ಮಾತು. ಒಬ್ಬ ಶಿಷ್ಯ ಬಂದು, ಶಿ ಮತ್ತು ಶಾಂಗ್ ಇಬ್ಬರಲ್ಲಿ ಯಾರು ಮೇಲು ಅಂತ ಕೇಳಿದನಂತೆ. ಶಿ ಗೆರೆ ದಾಟಿ ಹೋಗುತ್ತಾನೆ, ಶಾಂಗ್ ಗೆರೆ ಮುಟ್ಟುವುದೇ ಇಲ್ಲ ಅಂದರಂತೆ ಗುರುಗಳು. ಹಾಗಾದರೆ ಶಿ ಮೇಲು ಅಂತಾಯಿತಲ್ಲ ಅಂದ ಶಿಷ್ಯ. ಇಲ್ಲ, ದಾಟಿ ಹೋಗುವುದೂ ಮುಟ್ಟದೇ ಇರುವುದೂ ಒಂದೇ, ಅಂದರಂತೆ. ನಾನು ನಮ್ಮ ‘ಅತಿಯಾದರೆ ಅಮೃತವೂ ವಿಷ’ ಹೇಳಿದೆ. ಆದರೆ ನಮ್ಮದು ಅತಿಯಾದದ್ದನ್ನು ಮಾತ್ರ ಬೈಯುತ್ತದೆ. ಕಡಿಮೆ ಬಿದ್ದವರನ್ನು ಸುಮ್ನೆ ಬಿಟ್ಟಿದೆ. ಅಲ್ಲಿಯವರೆಗೆ ಮಾತೇ ಆಡದ ಡ್ರೈವರ್ ಆಗ ಬಾಯಿ ಬಿಟ್ಟರು. ‘ಬಸ್‌ಸ್ಟಾಪ್ ದಾಟಿ ನಿಲ್ಲಿಸಿದರೂ ಬೈಯುತ್ತಾರೆ, ಮೊದಲೇ ನಿಲ್ಲಿಸಿದರೂ ಬೈಯುತ್ತಾರೆ.’ ಪಾಠ ಅಲ್ಲಿಗೇ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು.

ನಾನು ವಾಕ್ಯ ಮಾಡಿ ಅಂದೆ. ಬ್ಯಾಂಕಿನ ಹುಡುಗಿ ಎದ್ದು, ‘ಮೈ ಬಾಯ್‌ಫ್ರೆಂಡ್ ಈಸ್ ವೆರಿ ಮಾಡರೇಟ್,’ ಅಂದಳು. ವೆರಿ ಮಾಡರೇಟ್! ಮಧ್ಯದಲ್ಲಿ ಇರುವುದರಲ್ಲೂ ಅತಿ. ನಗು ತಡೆದುಕೊಂಡು ತಿದ್ದಿದೆ. ಆಮೇಲೆ ತಿಳಿಯಿತು, ತಪ್ಪು ಅವಳದ್ದಲ್ಲ. ಚೀನೀ ಭಾಷೆಯಲ್ಲಿ ‘ನಾನು ಚೆನ್ನಾಗಿದ್ದೇನೆ’ ಅನ್ನಬೇಕಾದರೂ ಚೆನ್ನಾಗಿ ಅನ್ನುವುದರ ಮೊದಲು ‘ಹೆನ್’ ಸೇರಿಸಬೇಕು. ಅರ್ಥ ‘ಬಹಳ’. ಆದರೆ ಅದರಲ್ಲಿ ಬಹಳವೇನೂ ಇರುವುದಿಲ್ಲ. ವಾಕ್ಯ ಬೋಳಾಗಿ ಕಾಣಬಾರದು ಅಂತ ಹಾಕುವುದು, ಅಷ್ಟೇ. ಅಂದರೆ ಅವಳ ಲೆಕ್ಕದಲ್ಲಿ ಆ ಹುಡುಗ ಮಾಡರೇಟ್, ವೆರಿ ಸುಮ್ಮನೆ ಬಂದದ್ದು. ಪಾಪ, ಅವನಿಗೆ ಯಾವುದು ಹೇಳಿದರೂ ಬೇಜಾರೇ ಅಲ್ವಾ?

ಮುಂದಿನ ಶನಿವಾರ ಮೋಡ ಕವಿದಿತ್ತು. ಒಳ್ಳೆಯ ಉದಾಹರಣೆ ಸಿಕ್ಕಿತು ಅಂತ ‘ಮಾಡರೇಟ್ ರೇನ್’ ಅಂದೆ. ಅವರಿಗೆ ಅದು ‘ಜೋಂಗ್ ಯೂ’, ಮಧ್ಯಮ ಮಳೆ. ಹುಡುಗ ಕೂಡಲೇ ಲೆಕ್ಕ ತೆಗೆದ. 24 ತಾಸಿನಲ್ಲಿ 10 ಮಿಲಿಮೀಟರಿನಿಂದ 25ರ ಒಳಗೆ ಬಂದರೆ ಜೋಂಗ್ ಯೂ. 50 ಮುಟ್ಟಿದರೆ ‘ಬಾವ್ ಯೂ’, ಬಿರುಮಳೆ. ನಾನೂ ನಮ್ಮ ಹವಾಮಾನ ಇಲಾಖೆಯ ಲೆಕ್ಕ ನೋಡಿದೆ. ನಮ್ಮ ‘ಸಾಧಾರಣ ಮಳೆ’ 15.6ರಿಂದ 64.4 ಮಿಲಿಮೀಟರ್ ತನಕ. ಅಂದರೆ 60 ಮಿಲಿಮೀಟರ್ ಬಿದ್ದರೆ ಚೆಂಗ್ಡುವಿನಲ್ಲಿ ಬಿರುಮಳೆಯ ಗಲಾಟೆ, ಶಿರಸಿಯಲ್ಲಿ ಸಾಧಾರಣ. ನಮ್ಮ ಅಪ್ಪ ಅಂಥ ಮಳೆಗೆ ಕೊಡೆ ಕೂಡ ಬಿಡಿಸುವುದಿಲ್ಲ. ಜುಲೈಯಲ್ಲಿ ಒಗೆದ ಪಂಚೆ ಚೌತಿ ಹಬ್ಬಕ್ಕೂ ಒಣಗಿರುವುದಿಲ್ಲ ಅಂತ ಹೇಳಿದೆ. ನಾಲ್ವರೂ ನನ್ನನ್ನು ಮರುಕದಿಂದ ನೋಡಿದರು. ಆಯೀ ನನ್ನ ಬಟ್ಟಲಿಗೆ ಬಿಸಿನೀರು ಹಾಕಿಸಿದರು.

ಅಡುಗೆಮನೆಗೆ ಬಂದರೆ ಇನ್ನೂ ಕಷ್ಟ. ಆಯೀ ತಮ್ಮ ಬದನೆಕಾಯಿ ಪಲ್ಯದ ವಿಧಾನ ಬರೆದುಕೊಟ್ಟಿದ್ದರು. ಉಪ್ಪು ‘ಷೀ ಲ್ಯಾಂಗ್’, ಅಂದರೆ ತಕ್ಕಷ್ಟು. ಎಣ್ಣೆ ಷೀ ಲ್ಯಾಂಗ್. ಮೆಣಸಿನಕಾಯಿಯೂ ಷೀ ಲ್ಯಾಂಗ್. ತಕ್ಕಷ್ಟು ಅಂದರೆ ಎಷ್ಟು ಅಂತ ಕೇಳಿದೆ. ಷೀ ಲ್ಯಾಂಗ್ ಅಂದರು. ಮದುವೆಯಾದ ಹೊಸದರಲ್ಲಿ ನಮ್ಮ ಆಯಿಗೆ ಫೋನ್ ಮಾಡಿ, ಹಸಿಗೊಜ್ಜಿಗೆ ಉಪ್ಪು ಎಷ್ಟು ಅಂತ ಕೇಳಿದ್ದೆ. ‘ಹಿಡಿಸುವಷ್ಟು’ ಅಂದಿದ್ದಳು. ಒಲೆಯ ವಿಷಯವೂ ಹೀಗೆಯೇ. ನಮ್ಮಲ್ಲಿ ‘ಹದ ಉರಿ’ ಇದೆಯಲ್ಲ, ಬೆಲ್ಲ ಕಾಯಿಸುವವರಿಗೆ ಮಾತ್ರ ಕಾಣುವ ಆ ಹದ, ಅದನ್ನು ಹೇಗೆ ಹೇಳುವುದು ಅಂತ ಕೈ ಬಾಯಿ ಎಲ್ಲ ಆಡಿಸಿದೆ. ಆಯೀ ಮುಖ ಅರಳಿತು. ‘ಹುವೋ ಹೋ!’ ಅಂದರು. ಬೆಂಕಿಯ ಹದ. ಅವರಲ್ಲಿ ಪಳಗಿದ ಮನುಷ್ಯನಿಗೂ ಆ ಮಾತು ಹೇಳುತ್ತಾರಂತೆ. ಆ ಹೊತ್ತು ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕೂತೆವು. ಇಂಗ್ಲಿಷ್ ಪುಸ್ತಕ ಪಕ್ಕದಲ್ಲಿ ಮುಚ್ಚಿಯೇ ಇತ್ತು.

ಇಷ್ಟಕ್ಕೇ ಖುಷಿಯಾಗಿ ಅವರೆಲ್ಲ ಸೇರಿ ನಮ್ಮಿಬ್ಬರನ್ನು ಊಟಕ್ಕೆ ಕರೆದರು. ನಾವು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದೆ. ‘ಗೊತ್ತು ಗೊತ್ತು, ನಾನು ನೋಡಿಕೊಳ್ಳುತ್ತೇನೆ,’ ಅಂದ ಹುಡುಗ. ಖಾರ ಎಷ್ಟಿರಲಿ ಅಂತ ಹೋಟೆಲಿನವಳು ಕೇಳಿದಳು. ನಾನು ಠೀವಿಯಿಂದ ‘ಮಾಡ್ರಟ್’ ಅಂದೆ. ಫೋನು ಹೇಳಿದ ಹಾಗೆಯೇ. ಹುಡುಗ ‘ವೇಯ್ ಲಾ’ ಅಂತ ಅನುವಾದಿಸಿದ. ಅತೀ ಸ್ವಲ್ಪ ಖಾರ. ನನ್ನ ಮರ್ಯಾದೆ ಉಳಿಸಲು ಅವನೇ ಒಂದು ಮೆಟ್ಟಿಲು ಇಳಿಸಿದ್ದ.

ಬಂದದ್ದು ಮಾಪೋ ತೋಫು, ಸೋಯಾ ಪನೀರಿನ ಖಾರದ ಅಡುಗೆ. ಕೆಂಪೆಣ್ಣೆಯ ಕೆರೆಯಲ್ಲಿ ಬಿಳೀ ತುಂಡುಗಳು ತೇಲುತ್ತಿದ್ದವು. ಒಂದು ಚಮಚ ಬಾಯಿಗೆ ಹಾಕಿದೆ. ಮೊದಲು ಖಾರ ಹತ್ತಿತು. ಆಮೇಲೆ ನಾಲಿಗೆಯೇ ಮನೆ ಬಿಟ್ಟು ಹೋಯಿತು. ಅಲ್ಲಿ ‘ಹ್ವಾ ಜ್ಯಾವ್’ ಅಂತ ಒಂದು ಕಾಳು ಹಾಕುತ್ತಾರೆ. ನಮ್ಮ ಕರಾವಳಿಯ ತಿರ್ಫಳದ ದಾಯಾದಿಯೇ. ತುಟಿ ಜುಂ ಅನ್ನುತ್ತದೆ, ತುಟಿ ಎಲ್ಲಿ ಮುಗಿಯಿತು ಗಲ್ಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನನ್ನ ಗಂಡ ಕಣ್ಣೀರು ಒರೆಸಿಕೊಳ್ಳುತ್ತಾ ಅನ್ನವನ್ನಷ್ಟೇ ತಿನ್ನುತ್ತಿದ್ದರು. ಎದುರಿಗೆ ಆಯೀ ಅದನ್ನೇ, ಹುಳಿಯನ್ನು ಅನ್ನಕ್ಕೆ ಕಲಸಿದ ಹಾಗೆ ಕಲಸಿಕೊಂಡು, ‘ಇವತ್ತು ಏನೂ ಖಾರ ಇಲ್ಲ,’ ಅಂತ ಬೇಜಾರು ಮಾಡಿಕೊಂಡರು.

ಎಣ್ಣೆಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಹರಳು ಕಂಡವು. ಸೋಯಾ ಇರಬೇಕು ಅಂದುಕೊಂಡಿದ್ದೆ. ಆದರೂ ಅನುಮಾನ ಬಂತು. ‘ಇದೇನು?’ ಅಂದೆ.

‘ಮೀಟ್,’ ಅಂದ ಹುಡುಗ.

‘ನಾವು ಮಾಂಸ ತಿನ್ನಲ್ಲ ಅಂದಿದ್ದೆನಲ್ಲೋ!’

ಅವನಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ಎದೆಯುಬ್ಬಿಸಿ, ಒಂದೊಂದೇ ಶಬ್ದ ಬಿಡಿಸಿ, ‘ಟೀಚರ್, ಮೀಟ್ ಈಸ್ ಮಾಡ್ರಟ್. ನಾಟ್ ಟೂ ಮಚ್, ನಾಟ್ ಟೂ ಲಿಟಲ್,’ ಅಂದ.

ಬೈಯಲು ಬಾಯಿ ತೆರೆದೆ. ನಾಲಿಗೆ ಇನ್ನೂ ವಾಪಸ್ ಬಂದಿರಲಿಲ್ಲ. ಮೇಲಾಗಿ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಉಚ್ಚಾರವೂ ಸರಿಯಿತ್ತು. ‘ವೆರಿ’ ಕೂಡ ಸೇರಿಸಿರಲಿಲ್ಲ. ಅಲ್ಲಿ ಕೈಮಾ ಇಷ್ಟೇ ಇಷ್ಟು ಉದುರಿಸಿದರೆ ಅದನ್ನು ಮಾಂಸದ ಅಡುಗೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ ಅಂತ ಆಮೇಲೆ ಬ್ಯಾಂಕಿನ ಹುಡುಗಿ ಸಮಾಧಾನ ಹೇಳಿದಳು. ನಮ್ಮಲ್ಲಿ ಕೆಲವರು ಮೊಟ್ಟೆ ಹಾಕಿದ ಕೇಕನ್ನು ‘ಕೇಕು’ ಅಂತಷ್ಟೇ ಕರೆದು ತಿನ್ನುತ್ತಾರಲ್ಲ, ಹಾಗೆ. ಡ್ರೈವರ್ ಮಾತ್ರ ಸುಮ್ಮನೆ ಆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಸ್ಟಾಪ್ ದಾಟಿಹೋಗಿದೆ ಅಂತ ಅವರೊಬ್ಬರಿಗೇ ಅರ್ಥವಾಗಿತ್ತು.

ರಾತ್ರಿ ಊರಿಗೆ, ನಮ್ಮ ಆಯಿಗೆ ಫೋನ್ ಮಾಡಿದೆ. ಹೇಳದೇ ಇರಲು ಆಗಲಿಲ್ಲ.

‘ಎಷ್ಟು ತಿಂದೆ?’ ಅಂದಳು.

‘ಒಂದು ಚಮಚ.’

‘ನುಂಗಿ ಆತಾ?’

‘ಆತು.’

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಮಳೆಯ ಸದ್ದು. ಸಾಧಾರಣ ಮಳೆಯೇ ಇರಬೇಕು. ಕೊನೆಗೆ, ‘ಹಂಗಾರೆ ಎಂತ ಮಾಡದು. ಮಜ್ಜಿಗೆ ಕುಡಿ. ಅಪ್ಪಂಗೆ ಹೇಳಡ,’ ಅಂದಳು.

ಡಿಸೆಂಬರಿನಲ್ಲಿ ಹುಡುಗ ಪರೀಕ್ಷೆ ಬರೆದ. ಫಲಿತಾಂಶ ಬರುವ ಹೊತ್ತಿಗೆ ನಾವು ಊರಿಗೆ ಬಂದಾಗಿತ್ತು. ಒಂದು ದಿನ ಫೋನಿಗೆ ಮೆಸೇಜು ಬಂತು. ಅವನಿಗೆ 428 ಬಂದಿದೆಯಂತೆ. ‘ಟೀಚರ್, ಐ ಪಾಸ್ಡ್ ವೆರಿ ಮಾಡರೇಟ್ಲಿ,’ ಅಂತ ಬರೆದಿದ್ದ. ಈ ಸಲ ನಾನು ತಿದ್ದಲಿಲ್ಲ.

ಆರನೇ ಹಂತದ ಪರೀಕ್ಷೆಗೂ ದಪ್ಪ ಪುಸ್ತಕ ಕೊಂಡಿದ್ದಾನಂತೆ. ಎಲ್ಲಿಯ ತನಕ ಬಂತು ಅಂತ ಕೇಳಿದೆ.

‘ಅಬ್ಯಾಂಡನ್,’ ಅಂದ.