ಕಂಬಿಯಾಚೆಗಿನ ದಡ

ಪೋಲೆಂಡಿನ ನಿರ್ದೇಶಕ ಆಂದ್ಜೇ ವಾಯ್ದಾ ಅವರ ಸಿನಿಮಾಗಳನ್ನು ಮೊದಲ ಸಲ ನಾನು ಚರಿತ್ರೆಯ ಅನುಕ್ರಮದಲ್ಲೇ ನೋಡಿದ್ದೆ. ಮೊದಲು 1940ರ ಕತಿನ್ ಹತ್ಯಾಕಾಂಡ, ಆಮೇಲೆ ಜರ್ಮನ್ನರ ವಿರುದ್ಧದ 1944ರ ವಾರ್ಸಾ ದಂಗೆ, ಕೊನೆಗೆ ಗ್ದಾನ್ಸ್ಕ್ ಹಡಗುಕಟ್ಟೆಯ ಮುಷ್ಕರ. ಈ ತಿಂಗಳು ಅವನ್ನೇ ತಯಾರಾದ ವರ್ಷದ ಪ್ರಕಾರ ಮತ್ತೆ ನೋಡಿದೆ. ಪೋಲೆಂಡಿನ ಚರಿತ್ರೆ ಕುರಿತ ಸಿನಿಮಾ ಸರಣಿ ಮಾಡುವವರು ಯಾರೇ ಇರಲಿ, ದಯವಿಟ್ಟು ಹೀಗೇ ಜೋಡಿಸಿ. ಯಾವ ವರ್ಷ ಎಷ್ಟು ಮಾತು ಬಾಯಿಂದ ಹೊರಬರಬಹುದಿತ್ತು ಅನ್ನುವುದೇ ಅಲ್ಲಿನ ದೊಡ್ಡ ಚರಿತ್ರೆ.

1957ರ 'ಕನಾಲ್' ತಗೊಳ್ಳಿ. ದಂಗೆ ಸೋಲುತ್ತಿದೆ, ಹೋರಾಟಗಾರರು ಒಳಚರಂಡಿಗೆ ಇಳಿದಿದ್ದಾರೆ. ಗಾಯಗೊಂಡು ಕಣ್ಣು ಮಂಜಾದ ಪ್ರಿಯಕರನನ್ನು ಆನಿಸಿಕೊಂಡು ಒಬ್ಬ ಹುಡುಗಿ ಬೆಳಕಿದ್ದ ಕಡೆಗೆ ಬರುತ್ತಾಳೆ. ಚರಂಡಿಯ ಬಾಯಿಗೆ ಕಬ್ಬಿಣದ ಕಂಬಿ. ಅದನ್ನು ಅವನಿಗೆ ಹೇಳುವುದಿಲ್ಲ, ಕಣ್ಣು ಮುಚ್ಚಿಕೋ ಅನ್ನುತ್ತಾಳೆ. ಕ್ಯಾಮೆರಾ ಮಾತ್ರ ಕಂಬಿಯಾಚೆ ವಿಸ್ತುಲಾ ನದಿಯನ್ನು, ಅದರ ಇನ್ನೊಂದು ದಡವನ್ನು ನೋಡುತ್ತದೆ. ಆ ದಡಕ್ಕೆ ಸೋವಿಯತ್ ಸೇನೆ ಬಂದು ನಿಂತಿತ್ತು, ಆದರೂ ನಗರವನ್ನು ಉಳಿಸಲಿಲ್ಲ. ಇದು ಅಲ್ಲಿನ ಪ್ರೇಕ್ಷಕರಿಗೆ ಗೊತ್ತಿತ್ತು, ಆದರೆ ಸೋವಿಯತ್ ಹಿಡಿತದಲ್ಲಿದ್ದ ಆಗಿನ ಪೋಲೆಂಡಿನಲ್ಲಿ ಪರದೆಯ ಮೇಲೆ ಯಾರೂ ಹೇಳುವ ಹಾಗಿರಲಿಲ್ಲ. ಮೊದಲ ಸಲ ನನಗೆ ಆ ನೋಟ ಬರೀ ನದಿಯಾಗಿತ್ತು.

1977ರ 'ಮ್ಯಾನ್ ಆಫ್ ಮಾರ್ಬಲ್'ನಲ್ಲಿ ಬಿರ್ಕುಟ್ ಎಂಬ ಗಾರೆ ಕೆಲಸದವನನ್ನು ಸರ್ಕಾರ ವೀರನನ್ನಾಗಿ ಮೆರೆಸಿ, ಅಮೃತಶಿಲೆಯಲ್ಲಿ ಕಡೆಸಿ, ಆಮೇಲೆ ಮೂಲೆಗೆ ತಳ್ಳುತ್ತದೆ. ವರ್ಷಗಳ ನಂತರ ಸಿನಿಮಾ ಕಲಿಯುವ ಹುಡುಗಿಯೊಬ್ಬಳು ಮ್ಯೂಸಿಯಂ ಉಗ್ರಾಣದಲ್ಲಿ ಮಲಗಿರುವ ಆ ಪ್ರತಿಮೆಯ ಮೇಲೆಯೇ ಕೂತು, ಕದ್ದು ಚಿತ್ರೀಕರಿಸುತ್ತಾಳೆ. ಅವಳು ಅವನ ಸಮಾಧಿ ಹುಡುಕುವ ದೃಶ್ಯಕ್ಕೆ ಸೆನ್ಸಾರ್ ಕತ್ತರಿ ಹಾಕಿತು. 1970ರ ಡಿಸೆಂಬರಿನಲ್ಲಿ ಸರ್ಕಾರ ಗ್ದಾನ್ಸ್ಕ್ ಕಾರ್ಮಿಕರ ಮೇಲೆ ಗುಂಡು ಹಾರಿಸಿದ್ದು ಆ ಸಮಾಧಿಯಿಂದ ಯಾರಿಗೂ ನೆನಪಾಗಬಾರದಿತ್ತು. 1980ರಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಮುಷ್ಕರ ಗೆದ್ದಿತು. ಮರುವರ್ಷ 'ಮ್ಯಾನ್ ಆಫ್ ಐರನ್'ನಲ್ಲಿ ಆ ಸಮಾಧಿಯ ದೃಶ್ಯ ವಾಪಸ್ ಬಂತು, ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಕೂಡ ಬಂತು. ಅದೇ ವರ್ಷ ಡಿಸೆಂಬರ್ 13ಕ್ಕೆ ಮಿಲಿಟರಿ ಆಡಳಿತ, ಸಿನಿಮಾಕ್ಕೆ ನಿಷೇಧ.

ಇಷ್ಟೆಲ್ಲ ಆದಮೇಲೆ 'ಕತಿನ್' ನೋಡಬೇಕು. ಸೋವಿಯತ್ ಗುಪ್ತಪೊಲೀಸರು ಕೊಂದ ಸುಮಾರು 22,000 ಪೋಲಿಷ್ ಜನರಲ್ಲಿ ವಾಯ್ದಾ ಅವರ ಅಪ್ಪನೂ ಒಬ್ಬರು. ಕೊಂದವರು ಜರ್ಮನ್ನರು ಅನ್ನುವ ಸುಳ್ಳನ್ನೇ ದಶಕಗಳ ಕಾಲ ಹೇಳುತ್ತ ಬಂದ ಮಾಸ್ಕೋ ನಿಜ ಒಪ್ಪಿಕೊಂಡಿದ್ದು 1990ರಲ್ಲಿ. ಚಿತ್ರ ತೆರೆಗೆ ಬಂದಾಗ 2007, ನಿರ್ದೇಶಕರಿಗೆ ಎಂಬತ್ತೊಂದು. ಕೊನೆಯಲ್ಲಿ ಒಬ್ಬೊಬ್ಬರನ್ನೇ ತಂದು ಕೊಲ್ಲುವುದನ್ನು ಒಂದಿಷ್ಟೂ ಮುಚ್ಚಿಡದೆ ತೋರಿಸುತ್ತಾರೆ. ಮಣ್ಣು ಬೀಳುತ್ತಿರುವಾಗ ಜಪಮಾಲೆ ಹಿಡಿದ ಒಂದು ಕೈ ಕಾಣುತ್ತದೆ, ಆಮೇಲೆ ಪರದೆ ಪೂರ್ತಿ ಕತ್ತಲು. ಇದು ಅತಿಯಾಯಿತು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಐವತ್ತು ವರ್ಷ ಹಿಂದೆ ಬರೀ ಒಂದು ದಡ ತೋರಿಸಿ ಸುಮ್ಮನಾಗಬೇಕಾಗಿದ್ದ ಮನುಷ್ಯ ಅವರು.

ಗಂಡ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಕಾದ ಅವರ ಅಮ್ಮ ಅಷ್ಟು ಹೊತ್ತಿಗೆ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಚಿತ್ರವನ್ನು ಅಪ್ಪ ಅಮ್ಮನಿಗೆ ಅರ್ಪಿಸಿದ್ದಾರೆ.