ಹನ್ನೆರಡು ಮಿಲಿಮೀಟರು

ಪಾಲಿಟೆಕ್ನಿಕ್ ಓದುವಾಗ ಕೊಂಡ ಡ್ರಾಯಿಂಗ್ ಪೆನ್ಸಿಲ್ ಮೊನ್ನೆ ಮುಟ್ಟಿದರೆ ಮುನಿಯಾಯಿತು. ಗುಂಡಿ ಒತ್ತಿದರೆ ಕಡ್ಡಿ ಹೊರಗೆ ಬರುತ್ತದೆ, ಕಾಗದ ತಾಗಿದೊಡನೆ ಒಳಗೆ ಸೇರಿಕೊಳ್ಳುತ್ತದೆ. "ಹೊಸದು ತೆಗೆದುಕೊಳ್ಳಬಾರದೇ?" ಎಂದಳು ಹೆಂಡತಿ. ಬಿಚ್ಚಲು ಬರುವ ವಸ್ತುವನ್ನು ಬಿಚ್ಚಿ ನೋಡದೆ ಎಸೆಯುವುದು ನನ್ನಿಂದಾಗದ ಕೆಲಸ.

ಟವೆಲ್ ಹಾಸಿ ಕುಳಿತು ಮೂತಿ ತಿರುಗಿಸಿದೆ. ಒಳಗಿರುವುದು ಹಿತ್ತಾಳೆಯ ಕ್ಲಚ್: ಮೂರು ಸೀಳಿನ ದವಡೆ, ಅದರ ಕೊರಳಿಗೊಂದು ಉಂಗುರ, ಹಿಂದೆ ಸ್ಪ್ರಿಂಗ್. ಗುಂಡಿ ಒತ್ತಿದಾಗ ದವಡೆ ಕಡ್ಡಿಯನ್ನು ಕಚ್ಚಿಕೊಂಡೇ ಮುಂದೆ ಬರುತ್ತದೆ. ಉಂಗುರ ಎಡವಿ ನಿಂತಲ್ಲಿ ದವಡೆ ಅದರಿಂದ ನುಸುಳಿ ಬಾಯಿ ತೆರೆಯುತ್ತದೆ. ಬೆರಳು ತೆಗೆದರೆ ಸ್ಪ್ರಿಂಗ್ ದವಡೆಯನ್ನು ಹಿಂದಕ್ಕೆಳೆಯುತ್ತದೆ. ಕಡ್ಡಿ ಮಾತ್ರ ಹಿಂದೆ ಹೋಗದಂತೆ ಮೂತಿಯೊಳಗಿನ ರಬ್ಬರು ಹಿಡಿದುಕೊಳ್ಳುತ್ತದೆ. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದಲ್ಲ, ಹಾಗೆ.

ಇಷ್ಟನ್ನು ಮೆಚ್ಚಿ ನೋಡುತ್ತಿರುವಾಗಲೇ ಉಂಗುರ ಹಾರಿತು. ತೊಗರಿ ಬೇಳೆಗಿಂತ ಚಿಕ್ಕದು. ಟವೆಲ್ ಹಾಸಿದ್ದು ವ್ಯರ್ಥ. ಟಾರ್ಚ್ ಹಿಡಿದು ಮಂಚದ ಕೆಳಗೆ ಅರ್ಧ ಗಂಟೆ ತೆವಳಿದ ಮೇಲೆ ಅದು ನನ್ನ ಅಂಗಾಲಿಗೇ ಅಂಟಿಕೊಂಡಿರುವುದು ತಿಳಿಯಿತು.

ರೋಗವೇನೋ ಸಣ್ಣದೇ. ಮುರಿದ ಕಡ್ಡಿಯ ಚೂರೊಂದು, ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಯಂತೆ, ದವಡೆಯನ್ನು ಪೂರ್ತಿ ಮುಚ್ಚಗೊಡುತ್ತಿರಲಿಲ್ಲ. ಹೊಲಿಗೆ ಸೂಜಿಯಿಂದ ಕೆದಕಿ ತೆಗೆದೆ. ಚೂರು ಅಲ್ಲಿಗೆ ಹೋದದ್ದು ಹೇಗೆಂಬುದನ್ನು ಹೆಂಡತಿಗೆ ಹೇಳಿಲ್ಲ. ಹೊಸ ಕಡ್ಡಿಯ ಉದ್ದ 60 ಮಿ.ಮೀ. ನನ್ನ ಪೆನ್ಸಿಲಿನಲ್ಲಿ ದವಡೆಯಿಂದ ತುದಿಯವರೆಗೆ 12 ಮಿ.ಮೀ. ಕಡ್ಡಿ ಅಷ್ಟಕ್ಕೆ ಸವೆದರೆ ದವಡೆಗೆ ಸಿಗದೆ ಗಿರಗಿರ ತಿರುಗುತ್ತದೆ, ಎಸೆಯಬೇಕು. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ: ಐದರಲ್ಲೊಂದು ಪಾಲು ನಷ್ಟ! (ಆ ಕ್ಯಾಲ್ಕುಲೇಟರಿನ ಮೇಲಿನ 'ಶಾರ್ಪ್' ಎಂಬ ಹೆಸರೂ ಇಂಥದ್ದೇ ಪೆನ್ಸಿಲಿನಿಂದ ಬಂದದ್ದು, ಆ ಕಂಪನಿಯ ಸ್ಥಾಪಕ ಹಯಕಾವಾ 1915ರಲ್ಲಿ ಜಪಾನಿನಲ್ಲಿ ಮಾಡಿದ ಪೆನ್ಸಿಲ್ ಅದು.) ಸವೆದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಮೆತ್ತುವ ಮನೆಯಲ್ಲಿ ಬೆಳೆದವನಿಗೆ ಇದನ್ನು ಸಹಿಸುವುದು ಕಷ್ಟ. ಹಾಗಾಗಿ ಆ ತುಂಡುಗಳನ್ನು ಹೊರಗೆಳೆದು ಹಿಂದಿನಿಂದ ಮತ್ತೆ ಒಳಗೆ ಹಾಕುತ್ತಿದ್ದೆ. ಅದರಿಂದ ಒಂದು ಗೆರೆಯೂ ಹೆಚ್ಚಿಗೆ ಬರುವುದಿಲ್ಲವೆಂದು ಹೊಳೆದದ್ದು ಈಗ.

ಮೂರನೆಯ ಸಲಕ್ಕೆ ಎಲ್ಲ ಸರಿಯಾಗಿ ಕೂತಿತು. ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದೆ, ಕಡ್ಡಿ ಅಲುಗಲಿಲ್ಲ. ಕೊಳವೆಯನ್ನು ಕೊಡವಿದಾಗ ಬಿದ್ದ ಇನ್ನೂ ಮೂರು ತುಂಡುಗಳು ಟವೆಲಿನ ಮೇಲಿದ್ದವು. ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೇನೆ.